ಸೀದ ವಾಸನೆ

ಆ ವರ್ಷ ನಮ್ಮ ಯಂತ್ರ ಮೊದಲು ಪತ್ತೆ ಹಚ್ಚಿದ್ದು ರೆಜಾನನ ಪ್ರೇಮವನ್ನು.

ಊರಿನವರ ನೀರು, ಮೇಪಲ್ ಪಾಕ ಪರೀಕ್ಷಿಸುವ ಪುಟ್ಟ ಪ್ರಯೋಗಾಲಯ ನಮ್ಮದು. ಫೆಬ್ರವರಿ ಮುಗಿಯುತ್ತಾ ಬಂದಿತ್ತು. ಯಾವ ಬಾಟಲಿ ಇಟ್ಟರೂ ಪರದೆಯ ಮೇಲೆ ಅದೇ ಜಾಗದಲ್ಲಿ ಒಂದು ಪುಟ್ಟ ಗುಡ್ಡ ಏಳುತ್ತಿತ್ತು. ಬಾವಿ ನೀರು ಇಟ್ಟರೂ ಗುಡ್ಡ, ಪಾಕ ಇಟ್ಟರೂ ಗುಡ್ಡ, ಕೊನೆಗೆ ಖಾಲಿ ಬಾಟಲಿ ಇಟ್ಟರೂ ಗುಡ್ಡ. ಬಾಟಲಿ ತೊಳೆಯುವವಳು ನಾನು. ತೊಳೆದು, ಒಲೆಯೊಳಗಿಟ್ಟು ಕಾಯಿಸಿ, ಹಿಂದಿನ ವಾಸನೆ ಲವಲೇಶವೂ ಉಳಿಯದ ಹಾಗೆ ಮಾಡುವುದೇ ನನ್ನ ಕೆಲಸ. ಹಾಗಾಗಿ ಆ ಗುಡ್ಡ ಕಂಡಾಗಲೆಲ್ಲ ಬಾಟಲಿಗಳನ್ನು ಮತ್ತೆ ತೊಟ್ಟಿಗೆ ಒಯ್ಯುತ್ತಿದ್ದೆ.

ಯಂತ್ರ ನೋಡಿಕೊಳ್ಳುವ ಸೊಲಾಂಜಕ್ಕ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಕೂತಳು. ಅವಳು ರಸಾಯನಶಾಸ್ತ್ರ ಓದಿದವಳು, ಮಾಂಟ್ರಿಯಲ್ ಕಡೆಯವಳು. "ಇದು ಲ್ಯಾವೆಂಡರ್ ಹೂವಿನ ವಾಸನೆ. ಕೊರಲಿ, ನೀನೇನಾದ್ರೂ ಹಚ್ಕೊಂಡು ಬಂದಿದೀಯಾ?" ಎಂದಳು.

ನಾನು ಇಲ್ಲವೆಂದು ತಲೆಯಾಡಿಸಿದೆ.

"ಇವಳು ಬಾಯಿ ಬಿಡೋದೇ ಕಷ್ಟ, ಇನ್ನು ಸೆಂಟ್ ಬಾಟ್ಲಿ ಬಿಚ್ತಾಳಾ" ಎಂದು ತಾನೇ ಉತ್ತರವನ್ನೂ ಹೇಳಿಕೊಂಡಳು. ಆಮೇಲೆ ಎದ್ದು, ಬಾಗಿಲ ಹತ್ತಿರ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದ ರೆಜಾನನ ಕುತ್ತಿಗೆಯ ಬಳಿ ಮೂಗು ಒಯ್ದಳು. "ಹುಟ್ಟಿದಾಗಿಂದ ಸೋಪು ಬಿಟ್ಟು ಇನ್ನೇನೂ ಕಾಣದ ಮುಖ ಇದು. ಯಾರು ಹೇಳು?"

ರೆಜಾನ್ ಕಿವಿಯ ತುದಿಯವರೆಗೆ ಕೆಂಪಾದ. "ಅಂಚೆ ಆಫೀಸಿನ ಗಿಲೇನ್. ಏನಿಲ್ಲ, ಬರೀ ಕಾಫಿಗೆ ಹೋಗಿದ್ವಿ."

"ಕಾಫಿ ಗುಡ್ಡ ಬೇರೆ ಕಡೆ ಏಳುತ್ತಪ್ಪಾ. ನಾಳೆಯಿಂದ ಪ್ರೀತಿ ಎಲ್ಲಾ ಸಂಜೆ ಐದರ ಮೇಲೆ ಹಚ್ಕೋ."

ನಮ್ಮ ಯಂತ್ರಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಎಂದು ಹೆಸರು, ಕೇಳಿದರೆ ಏನೋ ದೊಡ್ಡದು ಅನಿಸುತ್ತದೆ. ನೋಡಿದರೆ ಎರಡು ಫ್ರಿಜ್ಜುಗಳನ್ನು ಮಲಗಿಸಿದಂತಿದೆ. ಬಾಟಲಿಯನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ಒಳಗಿನ ವಾಸನೆ ಮೇಲೇಳುತ್ತದೆ. ಒಂದು ಸೂಜಿ ಅದನ್ನು ಹಿಡಿದು, ಕೂದಲಿನಷ್ಟು ಸಪೂರವಾದ, ಸುರುಳಿ ಸುತ್ತಿದ ಉದ್ದನೆಯ ಕೊಳವೆಗೆ ಬಿಡುತ್ತದೆ. ನಮ್ಮ ಮೂಗಿಗೆ ಒಂದೇ ವಾಸನೆ ಅನಿಸಿದ್ದು ಅಲ್ಲಿ ಬಿಡಿಬಿಡಿಯಾಗಿ ಆಚೆ ಬರುತ್ತದೆ, ಭಾನುವಾರ ಚರ್ಚು ಬಿಟ್ಟಾಗ ಜನ ಬಂದ ಹಾಗೆ: ಮಕ್ಕಳು ಓಡಿ ಮೊದಲು, ಮಂಡಿ ನೋವಿನವರು ಕೊನೆಗೆ. ಬಾಗಿಲು ದಾಟಿದ ಪ್ರತಿಯೊಂದನ್ನೂ ಯಂತ್ರ ಚೂರು ಮಾಡಿ ಚೂರುಗಳನ್ನು ತೂಗುತ್ತದೆ. ತಟ್ಟೆ ಬಿದ್ದು ಒಡೆದಾಗ ಚೂರು ನೋಡಿಯೇ ಇದು ಯಾರ ಮನೆಯ ತಟ್ಟೆ ಅಂತ ಹೇಳುತ್ತೇವಲ್ಲ, ಹಾಗೆ ಆ ತೂಕಗಳಿಂದ ವಾಸನೆಯ ಹೆಸರು ಸಿಗುತ್ತದೆ. ಕೆರೆಯಲ್ಲಿ ಒಂದು ಚಿಟಿಕೆ ಕರಗಿದ್ದರೂ ಅದಕ್ಕೆ ಸಾಕು.

ಇದನ್ನೆಲ್ಲ ನನಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಹತ್ತನೇ ತರಗತಿಯಲ್ಲಿ ಎಲ್ಲರೆದುರು ನಿಂತು ಮಾತಾಡಬೇಕು ಅಂದರು. ಅವತ್ತು ನಾನು ಶಾಲೆಗೆ ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಬಾಟಲಿ ತೊಳೆಯುವ ತೊಟ್ಟಿ ಯಂತ್ರದ ಎದುರಿಗೇ ಇದೆ, ಸೊಲಾಂಜಕ್ಕನಿಗೆ ಕೆಲಸ ಮಾಡುತ್ತಾ ಗಟ್ಟಿಯಾಗಿ ಮಾತಾಡುವ ಅಭ್ಯಾಸವಿದೆ. ಅಷ್ಟರಲ್ಲಿ ನನ್ನ ಪಾಠ ಆಯಿತು.

ಈಗ ಅಜ್ಜಿಯ ವಿಷಯ.

ಶೋದಿಯೇರ್ ನದಿಯ ಮೇಲಿನ ಗುಡ್ಡದಲ್ಲಿ ನನ್ನ ಅಜ್ಜಿ ರೋಜ್-ಎಮೆಯ ಮೇಪಲ್ ತೋಪು, ತೋಪಿನ ನಡುವೆ ಆಲೆಮನೆ. ಮಾರ್ಚಿನಲ್ಲಿ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳು ಬಂದವೆಂದರೆ ಮರಗಳು ಸಿಹಿ ನೀರು ಬಿಡುತ್ತವೆ, ಅದನ್ನು ಕೊಪ್ಪರಿಗೆಯಲ್ಲಿ ಕುದಿಸಿ ಇಂಗಿಸಿದರೆ ಪಾಕ. ನೀರು ತರುವ ಕೊಳವೆ, ಸೌದೆ, ಟ್ರ್ಯಾಕ್ಟರ್ ಎಲ್ಲ ಗಯೆತಾನ್ ಮಾವನದು. ಕೊಪ್ಪರಿಗೆಯ ಹತ್ತಿರ ನಿಲ್ಲುವವಳು ಮಾತ್ರ ಅಜ್ಜಿ. ತಾತ ತೀರಿಕೊಂಡ ವರ್ಷ ಆ ಜಾಗಕ್ಕೆ ನಿಂತವಳು ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ. ಪಾಕ ಯಾವಾಗ ಹದಕ್ಕೆ ಬಂತು, ಯಾವಾಗ ಕೊಪ್ಪರಿಗೆಯ ನಲ್ಲಿ ತಿರುಗಿಸಿ ಇಳಿಸಬೇಕು ಅನ್ನುವುದು ಅವಳ ಮಾತು. ಮಾವನಿಗೆ ಐವತ್ತಾದರೂ ಆ ನಲ್ಲಿ ಮುಟ್ಟಬೇಕಾದರೆ ಕೇಳಿ ಮುಟ್ಟಬೇಕು.

ಈಸ್ಟರ್ ಭಾನುವಾರದ ಊಟಕ್ಕೆ ಎಲ್ಲರೂ ಅಜ್ಜಿಯ ಮನೆಯಲ್ಲಿ ಸೇರಿದ್ದೆವು: ಅಜ್ಜಿ, ಮಾವ, ಫ್ರಾನ್ಸಿನ್ ಅತ್ತೆ, ನಾನು. ಕೆಲವು ದಿನಗಳ ಹಿಂದಷ್ಟೇ ಪಾಕ ಕೊಳ್ಳುವವರ ಕಡೆಯ ರುಚಿ ನೋಡುವವನು ಒಂದು ಪೀಪಾಯಿಯನ್ನು 'ಸೀದಿದೆ' ಎಂದು ಹಿಂದಕ್ಕೆ ಕಳಿಸಿದ್ದ. ಅಜ್ಜಿ ಅದರ ಮಾತೆತ್ತಿರಲಿಲ್ಲ. ಮಾವ ಮಾಂಸ ಕತ್ತರಿಸುತ್ತಾ ಎತ್ತಿದ.

"ಅಮ್ಮಾ, ವಯಸ್ಸು ಅಂದ್ಮೇಲೆ ಆಗುತ್ತೆ. ಒಂಚೂರು ತೂಕಡಿಕೆ ಬಂದಿರುತ್ತೆ, ತಳ ಹಿಡಿದಿರುತ್ತೆ. ಯಾರೂ ಬೈತಾ ಇಲ್ಲ."

"ಬೈದಿದ್ರೆ ವಾಸಿ ಇತ್ತು."

"ಇನ್ಮೇಲೆ ಕೊಪ್ಪರಿಗೆ ಹತ್ರ ನಾನು ನಿಲ್ತೀನಿ. ನೀನು ಒಳಗೆ ಬೆಚ್ಚಗಿರು."

"ಬೆಚ್ಚಗಿರೋಕೆ ನಾನೇನು ಕಾವಿಗಿಟ್ಟ ಮೊಟ್ಟೆನೇನೋ?"

ಅತ್ತೆ ನಕ್ಕಳು. ಮಾವ ನಗಲಿಲ್ಲ. "ಊರಲ್ಲಿ ಎಲ್ಲರಿಗೂ ಗೊತ್ತಾಗಿದೆ. ಗ್ಯಾರೇಜಿನಲ್ಲಿ ಕೇಳ್ತಾರೆ, ನಿಮ್ಮಮ್ಮ ಪಾಕ ಸೀಸಿದ್ರಂತೆ ಅಂತ. ನಾನೇನ್ ಹೇಳ್ಲಿ?"

"ಸೀಸಿಲ್ಲ ಅನ್ನು."

"ನಾನು ನಾಲಿಗೆಗೆ ಹಾಕಿ ನೋಡಿದೀನಿ. ಸೀದ ವಾಸನೆ ಹೊಡೀತಿದೆ."

ಅಜ್ಜಿ ಚಮಚ ಕೆಳಗಿಟ್ಟಳು. ಆಮೇಲೆ ಬಟ್ಟಲು ತರಲು ಉಗ್ರಾಣಕ್ಕೆ ಬಾ ಎಂದು ನನ್ನನ್ನು ಕರೆದಳು. ನಮಗೆ ಬಟ್ಟಲು ಬೇಕಾಗಿರಲಿಲ್ಲ.

"ನಾನು ತೂಕಡಿಸಿಲ್ಲ ಕಣೇ" ಎಂದಳು ಬಾಗಿಲು ಮುಚ್ಚಿ. "ಆದ್ರೆ ಆ ವಾರ ನಂಗೆ ನೆಗಡಿ. ಮೂಗು ಪೂರ್ತಿ ಕಟ್ಟಿತ್ತು. ಸೀದಿದ್ರೂ ನಂಗೆ ತಿಳೀತಿರ್ಲಿಲ್ಲ. ಆಣೆ ಇಟ್ಟು ಹೇಳೋಣ ಅಂದ್ರೆ ಮೂಗಿನ ಸಾಕ್ಷಿ ಇಲ್ಲ." ಅವಳು ನನ್ನ ಮುಖ ನೋಡಿದಳು. "ನಿಮ್ಮ ಆಫೀಸಿನ ಯಂತ್ರಕ್ಕೆ ನೆಗಡಿ ಬರುತ್ತಾ?"

"ಇಲ್ಲ ಅಜ್ಜಿ."

"ಹಾಗಾದ್ರೆ ಅದನ್ನೇ ಕೇಳೋಣ."

ಮತ್ತೆ ಮೇಜಿಗೆ ಬಂದು ಅಜ್ಜಿ ನಿಂತುಕೊಂಡೇ ಹೇಳಿದಳು. "ಗಯೆತಾನ್, ಕೇಳಿಲ್ಲಿ. ಮುಂದಿನ ಭಾನುವಾರ ಇವಳು ಉತ್ತರ ತರ್ತಾಳೆ. ಸೀದಿದೆ ಅಂತ ಯಂತ್ರ ಹೇಳಿದ್ರೆ ಆ ಕ್ಷಣಕ್ಕೇ ನಲ್ಲಿ ನಿಂದು, ನಾನು ಸ್ವೆಟರ್ ಹೆಣೀತಾ ಕೂರ್ತೀನಿ. ಸೀದಿಲ್ಲ ಅಂದ್ರೆ ನೀನು ಬಾಯಿ ಮುಚ್ಕೊಂಡು ಸೌದೆ ಒಡಿ."

"ಆಯ್ತು. ಬರೆದು ಕೊಡ್ಬೇಕಾ?"

"ಬೇಡ. ಫ್ರಾನ್ಸಿನ್ ಕೇಳಿಸ್ಕೊಂಡಳಲ್ಲ, ಸಾಕು. ಅವಳು ಯಾವ್ದನ್ನೂ ಮರೆಯೋಳಲ್ಲ."

ಮಂಗಳವಾರ ಬೆಳಿಗ್ಗೆ ಅಜ್ಜಿ ನನ್ನ ಚೀಲಕ್ಕೆ ಎರಡು ಪುಟ್ಟ ಬಾಟಲಿ ಇಟ್ಟಳು. ಒಂದರ ಕುತ್ತಿಗೆಗೆ ಕೆಂಪು ಉಲ್ಲನ್ ದಾರ, ಇನ್ನೊಂದಕ್ಕೆ ನೀಲಿ. ಪೀಪಾಯಿಯದು ಯಾವುದು ಎಂದು ಕೇಳಿದೆ. "ಅದನ್ನ ಕೇಳ್ಬೇಡ" ಎಂದಳು. ಒಂದು ಪೀಪಾಯಿ, ಎರಡು ದಾರ. ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಹೋದೆ.

ಗುರುವಾರ ಮಧ್ಯಾಹ್ನ ಕೆಲಸ ಕಡಿಮೆ ಇತ್ತು. ಸೊಲಾಂಜಕ್ಕನನ್ನು ಏನಾದರೂ ಕೇಳಬೇಕಾದರೆ ನಾನು ಅವಳ ಮೇಜಿನ ಮೇಲೆ ವಸ್ತುವನ್ನು ಇಟ್ಟು ಪಕ್ಕದಲ್ಲಿ ನಿಲ್ಲುತ್ತೇನೆ. ಅವಳು ಬಾಟಲಿಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾರದು?"

"ಅಜ್ಜಿದು. ಸೀದಿದೆಯಾ ಅಂತ ನೋಡ್ಬೇಕು."

"ಸೀದಿದ್ರೆ?"

"ಕೊಪ್ಪರಿಗೆ ಮಾವಂಗೆ ಹೋಗುತ್ತೆ."

"ಅಯ್ಯಯ್ಯೋ. ಕೋರ್ಟು ಕೇಸು" ಎಂದು ಅವಳು ತೋಳು ಮಡಿಚಿದಳು. ಕಪಾಟಿನಲ್ಲಿದ್ದ ಒಳ್ಳೆಯ ಪಾಕವೊಂದನ್ನು ಹೋಲಿಕೆಗೆ ತೆಗೆದು, ಖಾಲಿ ಬಾಟಲಿಯಿಂದ ಶುರು ಮಾಡಿದಳು.

ಮೊದಲು ಕೆಂಪು ದಾರದ್ದು. ಗುಡ್ಡಗಳು ಒಂದೊಂದಾಗಿ ಎದ್ದವು. ಒಂದು ಕಡೆ ಗುಡ್ಡವಲ್ಲ, ಬೆಟ್ಟವೇ ಎದ್ದಿತು. ಸೊಲಾಂಜಕ್ಕ ಸಿಳ್ಳೆ ಹಾಕಿದಳು.

"ಫರ್ಫ್ಯುರಾಲ್, ಅದರ ಅಣ್ಣತಮ್ಮಂದಿರು ಸಮೇತ. ಸಕ್ಕರೆ ತಳ ಹಿಡಿದಾಗ ಬರೋವು. ಒಳ್ಳೆ ಪಾಕದಲ್ಲೂ ಚೂರು ಇರುತ್ತೆ, ಆದ್ರೆ ಇದು ಚೆನ್ನಾಗೇ ಸೀದಿದೆ ಪುಟ್ಟಿ. ಯಾರೋ ಒಲೆ ಮುಂದೆ ಕೂತು ಕಾದಂಬರಿ ಓದಿದಾರೆ."

ನಲ್ಲಿಯ ಮೇಲಿದ್ದ ಅಜ್ಜಿಯ ಕೈ ಕಣ್ಣ ಮುಂದೆ ಬಂತು.

ಆಮೇಲೆ ನೀಲಿ ದಾರದ್ದು. ಸೀದ ಬೆಟ್ಟದ ಜಾಗದಲ್ಲಿ ಒಳ್ಳೆಯ ಪಾಕದಲ್ಲಿ ಇರುವಷ್ಟೇ. ಆದರೆ ಬಲಗಡೆ ಇನ್ನೊಂದು ಸಾಲು ಎದ್ದಿತು. ಸೊಲಾಂಜಕ್ಕ ಮುಂದಕ್ಕೆ ಬಾಗಿದಳು. "ನೂರಿಪ್ಪತ್ನಾಲ್ಕು, ನೂರೊಂಬತ್ತು, ಎಂಬತ್ತೊಂದು" ಎಂದು ಚೂರುಗಳ ತೂಕ ಓದಿದಳು. "ಗ್ವಾಯಕಾಲ್. ಇದು ಹೊಗೆ. ಮರದ್ದೇ ಅಂತ ಪಾಕದಲ್ಲಿ ಒಂಚೂರು ಇರೋದೇ. ಆದ್ರೆ ಇಷ್ಟೊಂದು, ಹೊಗೆಯ ನೆಂಟರಿಷ್ಟರನ್ನೆಲ್ಲ ಕಟ್ಕೊಂಡು? ಜೊತೆಗೆ ಕೊಬ್ಬಿನ ವಾಸನೆ ಬೇರೆ. ಪಾಕದಲ್ಲಿ ಕೊಬ್ಬು ಯಾಕೆ ಬಂತು?"

"ಅದು ನಾವೇ ಕಟ್ಟೋದು" ಎಂದೆ.

"ಏನು ಕಟ್ಟೋದು?"

"ಉಪ್ಪು ಹಾಕಿದ ಹಂದಿಕೊಬ್ಬು. ಕೊಪ್ಪರಿಗೆ ಮೇಲೆ ದಾರದಲ್ಲಿ ನೇತು ಹಾಕ್ತೀವಿ. ನೊರೆ ಉಕ್ಕಿ ಅದಕ್ಕೆ ತಾಗಿದ್ರೆ ಇಳಿದುಬಿಡುತ್ತೆ."

ಸೊಲಾಂಜಕ್ಕ ನನ್ನನ್ನೇ ದಿಟ್ಟಿಸಿದಳು. "ಡಬ್ಬಿ ಎಣ್ಣೆ ಎರಡು ಹನಿ ಬಿಟ್ರೆ ನೊರೆ ಇಳಿಯಲ್ವಾ?"

"ಅಜ್ಜಿ ಒಪ್ಪಲ್ಲ."

"ರೆಜಾನ್! ನಿಂಗಿದು ಗೊತ್ತಿತ್ತಾ?"

"ಯಾರಿಗೆ ಗೊತ್ತಿಲ್ಲ" ಎಂದ ರೆಜಾನ್ ಬಾಗಿಲ ಕಡೆಯಿಂದ.

"ನಾನು ಇಷ್ಟು ವರ್ಷ ಪ್ಯಾನ್‌ಕೇಕ್ ಮೇಲೆ ಸುರ್ಕೊಂಡಿದ್ದು ಹಂದಿ ತೇಲಿಸಿದ ಪಾಕನಾ!" ಅವಳಿಗೆ ನಗು ತಡೆಯಲಾಗಲಿಲ್ಲ. "ಸರಿ, ಕೊಬ್ಬಿಗೆ ಲೆಕ್ಕ ಸಿಕ್ತು. ಹೊಗೆಗೆ ಸಿಗ್ಲಿಲ್ಲ. ಚಿಮಣಿ ಸೋರ್ತಿದೆಯೋ ಏನೋ, ನೋಡೋಕೆ ಹೇಳು. ಒಟ್ನಲ್ಲಿ ಇದು ಬೆಳಗಿನ ತಿಂಡಿ ಥರ ಇದೆ ಕಣೇ. ಯಾರೋ ಇದರಲ್ಲಿ ಬೇಕನ್ ಅದ್ದಿ ತೆಗೆದ ಹಾಗೆ."

ಹೊರಡುವಾಗ ಅವಳು ಎರಡೂ ಬಾಟಲಿಯನ್ನು ನನ್ನ ಕೈಗಿಟ್ಟು, "ಕೆಂಪು ಸೀದಿದೆ, ನೀಲಿ ಸೀದಿಲ್ಲ. ಯಂತ್ರ ಹೇಳಿದ್ದು ಅಷ್ಟೇ. ಯಾವುದು ಯಾರದು ಅಂತ ಅದಕ್ಕೆ ಗೊತ್ತಿಲ್ಲ. ನೀನು ಅದಕ್ಕೆ ಏನನ್ನೂ ಸೇರಿಸೋಕೂ ಹೋಗ್ಬೇಡ, ಕಳೆಯೋಕೂ ಹೋಗ್ಬೇಡ" ಎಂದಳು. ಕಳೆಯುವ ಯೋಚನೆ ನನ್ನ ತಲೆಯಲ್ಲಿ ಓಡುತ್ತಿತ್ತೆಂದು ಅವಳಿಗೆ ಹೇಗೆ ತಿಳಿಯಿತೋ. ಕೆಂಪು ದಾರದ ಬಾಟಲಿಯನ್ನೇ ಶೋದಿಯೇರ್ ನದಿಗೆ ಎಸೆದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನಾನು ಆಗಲೇ ಒಂದು ಸುತ್ತು ಯೋಚಿಸಿ ಮುಗಿಸಿದ್ದೆ.

ಭಾನುವಾರ ಮೇಜಿನ ಮೇಲೆ ಕಾಳಿನ ಯಾವುದೋ ದೊಡ್ಡ ಅಡುಗೆ ಇತ್ತು, ಏನೆಂದು ನನಗೆ ನೆನಪಿಲ್ಲ, ಯಾಕೆಂದರೆ ನಾನು ತಿನ್ನಲಿಲ್ಲ. ಮೂವರೂ ನನ್ನನ್ನೇ ನೋಡುತ್ತಿದ್ದರು. ಮೂವರ ಆರು ಕಣ್ಣು ಅಂದರೆ ನನಗೆ ಇಡೀ ತರಗತಿ.

"ಹೇಳಮ್ಮಾ" ಎಂದ ಮಾವ. ಬೇಗ ಮುಗಿಸೋಣ ಅನ್ನುವ ಧ್ವನಿ.

"ಕೆಂಪು ದಾರದ್ದು..." ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

"ಜೋರಾಗಿ ಹೇಳೇ, ಸತ್ತವರ ಮನೆನಾ ಇದು?" ಎಂದಳು ಅತ್ತೆ.

"ಕೆಂಪು ದಾರದ್ದು ಸೀದಿದೆ. ಚೆನ್ನಾಗೇ ಸೀದಿದೆ."

ಮಾವ ಕುರ್ಚಿಗೆ ಒರಗಿದ. ಅವನ ಮುಖದಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ, ಅದನ್ನೂ ಹೇಳಬೇಕು. "ಅಮ್ಮಾ, ನೋಡು ನಾನು ಹೇಳ್ಲಿಲ್ವಾ..."

ಅಜ್ಜಿ ನಗುತ್ತಿದ್ದಳು. ಭುಜ ಕುಣಿಯುವ ಹಾಗೆ ಸದ್ದಿಲ್ಲದ ನಗು. "ಸರಿಯಾಗಿ ಹಿಡೀತು ಕಣ್ರೋ! ಅದನ್ನ ನಾನೇ ಸೀಸಿದ್ದು. ಈಸ್ಟರ್ ರಾತ್ರಿ, ಇದೇ ಅಡುಗೆಮನೇಲಿ, ಬೇಕೂ ಅಂತ. ಒಳ್ಳೆ ಪಾಕ ಒಂದು ಲೋಟ ಹಾಳು ಮಾಡ್ದೆ."

"ಅದಕ್ಕೇನಾ!" ಅತ್ತೆ ಮೇಜು ಕುಟ್ಟಿದಳು. "ಅದಕ್ಕೇನಾ ನನ್ನ ಸಣ್ಣ ಪಾತ್ರೆ ಕರಿ ಹಿಡಿದಿರೋದು? ನಾನು ಕೊಟ್ಟ ಪಾತ್ರೆ! ಉಜ್ಜಿ ಉಜ್ಜಿ ಉಗುರು ಹೋಯ್ತಲ್ಲಾ!"

"ಯಾಕಮ್ಮಾ ಬೇಕೂ ಅಂತ?" ಎಂದ ಮಾವ.

"ನೋಡಪ್ಪಾ. ನನ್ನ ಜಾಗ ಇರ್ಬೇಕಾ ಹೋಗ್ಬೇಕಾ ಅಂತ ಒಂದು ಪೆಟ್ಟಿಗೆ ಹೇಳುತ್ತೆ ಅಂದ್ರೆ, ಆ ಪೆಟ್ಟಿಗೆಗೆ ಸೀದಿದ್ದು ಸೀದಿದೆ ಅಂತ ಹೇಳೋಕೆ ಬರುತ್ತಾ ಇಲ್ವಾ ಅಂತ ನಾನು ನೋಡ್ಬೇಡ್ವಾ? ಬರೀ ಸುಳ್ಳೇ ಹೇಳೋ ಯಂತ್ರ ಆಗಿದ್ರೆ?" ಸೋಮವಾರ ಇದನ್ನು ಸೊಲಾಂಜಕ್ಕನಿಗೆ ಹೇಳಿದಾಗ ಅವಳು ಖುಷಿಯಿಂದ ಕುರ್ಚಿಯ ಸಮೇತ ಒಂದು ಸುತ್ತು ತಿರುಗಿದಳು. ನಾವು ಖಾಲಿ ಬಾಟಲಿ ಇಟ್ಟು ಪರೀಕ್ಷೆ ಶುರು ಮಾಡುವುದೂ ಅದೇ ಅನುಮಾನದಿಂದ ತಾನೇ ಎಂದಳು.

"ನೀಲಿ ದಾರ ನಂದೇ" ಎಂದು ಅತ್ತೆ ಮಧ್ಯೆ ಬಾಯಿ ಹಾಕಿದಳು. "ಹಿಂದಕ್ಕೆ ಬಂದ ಪೀಪಾಯಿಯಿಂದ ನಾನೇ ತುಂಬಿ, ನಾನೇ ಕಟ್ಟಿ ಕೊಟ್ಟಿದ್ದು. ಅದೇನಂತೆ?"

ಮತ್ತೆ ಆರು ಕಣ್ಣು. ಈ ಸಲ ನನಗೆ ಅಷ್ಟು ಕಷ್ಟವಾಗಲಿಲ್ಲ.

"ನೀಲಿ ಸೀದಿಲ್ಲ."

ಅಜ್ಜಿ ಒಂದೇ ಒಂದು ಸಲ ಕಣ್ಣು ಮುಚ್ಚಿ ತೆರೆದಳು. ಅವಳ ನಗು ಇಷ್ಟು ಹೊತ್ತು ಎಷ್ಟು ತೆಳುವಾದದ್ದರ ಮೇಲೆ ನಿಂತಿತ್ತು ಎಂದು ನನಗೆ ಆಗ ಕಂಡಿತು.

"ಸೀದಿಲ್ಲ ಅಂದ್ರೆ ಆ ರುಚಿ ಎಲ್ಲಿಂದ ಬಂತು? ನಂಗೇನು ನಾಲಿಗೆ ಇಲ್ವಾ?" ಎಂದ ಮಾವ.

"ಅದು ಹೊಗೆ. ಚಿಮಣಿ ನೋಡಿಸಿ ಅಂದ್ರು."

"ಚಿಮಣಿ ನಾನೇ ಕಟ್ಟಿಸಿದ್ದು, ಹೋದ ವರ್ಷ. ಒಂದು ಕೂದಲು ತೂರಲ್ಲ ಅದರಲ್ಲಿ."

"ಇನ್ನೂ ಏನಾದ್ರೂ ಹೇಳಿದ್ರಾ?" ಎಂದು ಅಜ್ಜಿ ಕೇಳಿದಳು.

"ಹೇಳಿದ್ರು. ತಮಾಷೆಗೆ. ಯಾರೋ ಇದರಲ್ಲಿ ಬೇಕನ್ ಅದ್ದಿದ ಹಾಗಿದೆ ಅಂತ."

ಯಾರೂ ನಗಲಿಲ್ಲ. ಅತ್ತೆ ಮಾತ್ರ ತುಂಬಾ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಮಾವ ಅಗಿಯುವುದನ್ನು ನಿಲ್ಲಿಸಿದ್ದ.

"ರೀ."

"ಏನು?"

"ಫ್ರಿಜ್ಜಲ್ಲಿದ್ದ ಬೇಕನ್ ತುಂಡು. ಹಂದಿಮಾಂಸಕ್ಕೆ ಹೊಗೆ ಹಾಕಿಸಿ ತಂದಿದ್ದು. ನಾಯಿ ತಿಂತು ಅಂದ್ರಲ್ಲ?"

ಮಾವ ನೀರಿನ ಲೋಟ ಎತ್ತಿಕೊಂಡ. ಲೋಟ ಬಹಳ ಹೊತ್ತು ಬಾಯಿಂದ ಕೆಳಗಿಳಿಯಲಿಲ್ಲ.

"ಗಯೆತಾನ್" ಎಂದಳು ಅಜ್ಜಿ. "ನಂಗೆ ನೆಗಡಿ ಆದ ವಾರ ಕೊಬ್ಬು ಸವೆದು ಹೋಗಿತ್ತು. ಹೊಸದು ಕಟ್ಟು ಅಂತ ನಿಂಗೆ ಹೇಳಿದ್ದೆ."

"ಕಟ್ಟಿದ್ನಲ್ಲ."

"ಏನನ್ನ ಕಟ್ದೆ?"

"ಅಂಗಡೀಲಿ ಉಪ್ಪುಕೊಬ್ಬು ಖಾಲಿ ಆಗಿತ್ತಮ್ಮಾ. ನೀರು ಬೇರೆ ಉಕ್ಕಿ ಬರ್ತಿತ್ತು. ಕೊಬ್ಬು ಅಂದ್ರೆ ಕೊಬ್ಬೇ ಅಲ್ವಾ ಅಂತ..."

"ಕೊಬ್ಬು ಅಂದ್ರೆ ಕೊಬ್ಬೇ!" ಅಜ್ಜಿ ಚಾವಣಿಗೆ ಕೈಯೆತ್ತಿದಳು. "ಇಡೀ ದಿನ ನನ್ನ ಪಾಕದಲ್ಲಿ ಬೇಕನ್ ಈಜಾಡಿಸಿ, ಆಮೇಲೆ ನನ್ನ ಮುಂದೆ ಕೂತು ವಯಸ್ಸಾಯ್ತು ಅಂತೀಯಲ್ಲೋ!"

"ಆ ನಾಯಿಗೆ ನಾನು ಎರಡು ದಿನ ಅನ್ನ ಹಾಕದೆ ಬೈದೆ" ಎಂದಳು ಅತ್ತೆ. "ಅದು ನನ್ನ ಮುಖ ನೋಡಿ ನೋಡಿ ಅಳ್ತಿತ್ತು ಪಾಪ. ಎದ್ದು ಹೋಗಿ ಕ್ಷಮೆ ಕೇಳ್ರೀ ಮೊದ್ಲು."

"ಯಾರನ್ನ? ಅಮ್ಮನ್ನಾ ನಾಯಿನಾ?"

"ಯಾರು ಹತ್ತಿರ ಇದಾರೋ ಅವರಿಂದ ಶುರು ಮಾಡಿ."

ಮಾವ ಎದ್ದು ಅಜ್ಜಿಯ ಹತ್ತಿರ ಹೋದ. ದೊಡ್ಡ ಆಳು, ಏನು ಮಾಡಬೇಕೆಂದು ತೋಚದೆ ಅವಳ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ. "ಅಮ್ಮಾ, ತಪ್ಪಾಯ್ತು. ನಲ್ಲಿ ನಿಂದೇ. ನಾನು ಸೌದೆ ಒಡೀತೀನಿ."

ಅಜ್ಜಿ ಹೇಳಿದ್ದು ನಾವು ಯಾರೂ ಎಣಿಸದ ಮಾತು.

"ಹೋದ ಶರತ್ಕಾಲದಲ್ಲೇ ನಿಂಗೆ ಬಿಟ್ಟುಕೊಡೋಣ ಅಂತ ಮನಸ್ಸು ಮಾಡಿದ್ದೆ ಕಣೋ. ಮಂಡಿ ಕೇಳಲ್ಲ, ನಿಂತು ನಿಂತು ರಾತ್ರಿ ಹೊತ್ತು ಕಾಲು ಸೆಳೆಯುತ್ತೆ. ಈ ಸೀಸನ್ ಮುಗಿದ ದಿನ ಕರೆದು ಕೈಗೆ ಕೊಡೋಣ ಅಂತ. ಅಷ್ಟರಲ್ಲಿ ನೀನು ಕಿತ್ಕೊಳ್ಳೋಕೆ ಬಂದೆ. ಕೊಡೋದು ಬೇರೆ, ಕಿತ್ಕೊಳ್ಳೋದು ಬೇರೆ. ಮಾಡದಿರೋ ತಪ್ಪಿಗೆ ನಾನು ಯಾಕೆ ಇಳೀಲಿ?"

ಅತ್ತೆ ಮಾವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ನಮ್ಮಲ್ಲಿ ಅದು ದೊಡ್ಡ ಸಮಾಧಾನ.

ಆ ವರ್ಷ ಕೊನೆಯ ಸಲ ಪಾಕ ಕಾಯಿಸಿದ್ದು ಮುಂದಿನ ಶನಿವಾರ. ಮೊಗ್ಗು ಉಬ್ಬತೊಡಗಿದ್ದವು, ಇನ್ನು ನೀರು ಇಳಿಸಿದರೆ ಪಾಕ ಕಹಿಯಾಗುತ್ತದೆ. ಆಲೆಮನೆಯ ಒಳಗೆ ಆವಿ ತುಂಬಿ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಅಜ್ಜಿ ಕೊಪ್ಪರಿಗೆಯ ಬಳಿ ಬಂದಳು, ಸೌಟು ಎತ್ತಿಕೊಂಡಳು, ಮಾವನ ಕೈಗೆ ಕೊಟ್ಟಳು. ಸ್ಟೂಲು ಎಳೆದುಕೊಂಡು ನನ್ನ ಪಕ್ಕ, ಕೊಪ್ಪರಿಗೆಗೆ ಬೆನ್ನು ಹಾಕಿ ಕೂತಳು.

"ಅಮ್ಮಾ, ಇದೇನು?"

"ಕೊಡ್ತಾ ಇದೀನಿ. ತಗೋ."

ಮಾವ ತಗೊಂಡ. ಬಹಳ ಹೊತ್ತು ಸೌಟು ಅದ್ದುವ ಸದ್ದು, ಅದ್ದಿ ಎತ್ತುವ ಸದ್ದು. ನೊರೆ ಉಕ್ಕಿತು, ಕೊಬ್ಬಿಗೆ ತಾಗಿ ಇಳಿಯಿತು. ಅವನ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಅಮ್ಮಾ, ಈಗ ತಿರುಗಿಸ್ಲಾ?"

"ನನ್ನ ಯಾಕೆ ಕೇಳ್ತೀಯಾ? ಪಾಕನ್ನ ಕೇಳು."

ಅವನು ಸೌಟನ್ನು ಬೆಳಕಿಗೆ ಹಿಡಿದ. ಹದ ಬಂದ ಪಾಕ ಅಂಚಿನಿಂದ ಹನಿಯಾಗದೆ ಸೆರಗಿನಂತೆ ಅಗಲವಾಗಿ ಇಳಿಯುತ್ತದೆ. ಹಾಗೆ ಇಳಿಯಿತೋ, ಇನ್ನೂ ಹನಿಯಾಗಿಯೇ ಬಿತ್ತೋ, ನಾನಿದ್ದಲ್ಲಿಗೆ ಕಾಣಲಿಲ್ಲ. ಅವನು ಉಸಿರು ಬಿಗಿಹಿಡಿದು ನಲ್ಲಿ ತಿರುಗಿಸಿದ. ಬಿಸಿ ಪಾಕ ಬಕೆಟ್ಟಿಗೆ ಬೀಳತೊಡಗಿತು.

ಅಜ್ಜಿ ತಿರುಗಿ ನೋಡಲಿಲ್ಲ. ಮೂಗನ್ನು ಮಾತ್ರ ಒಂಚೂರು ಎತ್ತಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಒಂದು ನಿಮಿಷ ಬೇಗ ಆಯ್ತು. ಅವನಿಗೆ ಹೇಳ್ಬೇಡ" ಎಂದಳು.

ಹೇಳಲಿಲ್ಲ. ಹೇಳದೇ ಇರುವ ಕೆಲಸವನ್ನು ಯಾರಾದರೂ ಕೊಟ್ಟರೆ ನನಗಿಂತ ಚೆನ್ನಾಗಿ ಮಾಡುವವರು ನಮ್ಮ ಕಡೆ ಇಲ್ಲ.